ಹೇಮಾವತಿ ಮುಳುಗಡೆ ಊರುಗಳ ಹಳೇ ಕ್ಯಾಸೆಟ್‌ಗಳು: ಡಿಜಿಟಲ್ ಮಾಡಿ ಎಲ್ಲರಿಗೂ ಕೇಳಿಸೋದು ಹೇಗೆ?

ಹೊಳೆದಂಡೆ (ಹಾಸನ) ಕೇಳಿದ್ದು:

ಇಲ್ಲಿನ ಓದುಗರ ಬಳಗವೊಂದರ ಕಪಾಟಿನಲ್ಲಿ 140 ಕ್ಯಾಸೆಟ್‌ಗಳಿವೆ. ಗೊರೂರು ಅಣೆಕಟ್ಟೆಯ ಹಿನ್ನೀರಿಗೆ ಊರು ಬಿಟ್ಟವರನ್ನು ಎಂಬತ್ತು, ತೊಂಬತ್ತರ ದಶಕಗಳಲ್ಲಿ ಕೂರಿಸಿಕೊಂಡು ಮಾತಾಡಿಸಿದ್ದು. ಪರಿಹಾರ, ಬದಲಿ ಜಮೀನು, ಮುಳುಗಿದ ಗದ್ದೆ, ದೇವರನ್ನು ಹೊಸ ಊರಿಗೆ ಸಾಗಿಸಿದ್ದು, ನಡುನಡುವೆ ಸೋಬಾನೆ, ರಾಗಿ ಬೀಸುವ ಪದ. 90 ಸಿ-60, ಉಳಿದ 50 ಸಿ-90. ಒಂದಷ್ಟು ಸಕಲೇಶಪುರದ ಕಡೆಯ ಮನೆಯ ಅಟ್ಟದಲ್ಲಿ ಇದ್ದವು. ಅವುಗಳ ಕಿಟಕಿಯೊಳಗೆ ಟೇಪಿನ ಅಂಚಿಗೆ ಬಿಳಿ ಪುಡಿ ಕಾಣುತ್ತೆ. ಅರ್ಧಕ್ಕೆ ಲೇಬಲ್ ಇಲ್ಲ. ಇದರ ಜೊತೆಗೆ ಆ ಮನೆಗಳ ಈಗಿನವರು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಫೈಲುಗಳೂ ಇವೆ.

ಎಲ್ಲವನ್ನೂ ಆನ್‌ಲೈನ್‌ನಲ್ಲಿ ಕೇಳೋಕೆ ಸಿಗೋ ಹಾಗೆ ಮಾಡಬೇಕು. ಈಗ ಮಾರಾಟಕ್ಕಿರೋ ಯುಎಸ್‌ಬಿ ಕ್ಯಾಸೆಟ್ ಪ್ಲೇಯರ್ ಸಾಕಾಗುತ್ತಾ? ನೇರ ಎಂಪಿ3 ಮಾಡಿದ್ರೆ ಸಾಕಾ? ಸ್ವಂತ ವೆಬ್‌ಸೈಟ್ ಮಾಡೋದಾ, ಇಂಟರ್ನೆಟ್ ಆರ್ಕೈವ್ ಅನ್ನೋ ಉಚಿತ ಆನ್‌ಲೈನ್ ಭಂಡಾರಕ್ಕೆ ಹಾಕೋದಾ? ಅನುಮತಿ ಪತ್ರ ಒಂದಕ್ಕೂ ಇಲ್ಲ. ಮಾತಾಡಿದವರಲ್ಲಿ ಬಹಳ ಜನ ಈಗಿಲ್ಲ.

ಟೇಪುತಲೆ ಉತ್ತರ:

ವೆಬ್‌ಸೈಟಿನ ಮಾತು ಆಮೇಲೆ. ಮೊದಲು ಆ ಬಿಳಿ ಪುಡಿಯ ಕ್ಯಾಸೆಟ್‌ಗಳನ್ನ ಬೇರೆ ಪೆಟ್ಟಿಗೆಗೆ ಹಾಕಿ. ಅದು ಬೂಷ್ಟು. ಒಂದನ್ನ ಪ್ಲೇಯರಿಗೆ ಹಾಕಿದರೆ ಹೆಡ್ಡಿಗೂ (ಟೇಪಿನಿಂದ ದನಿ ಓದೋ ಭಾಗ) ರಬ್ಬರ್ ರೋಲರಿಗೂ ಅಂಟಿ, ಆಮೇಲೆ ಹಾಕೋ ಒಳ್ಳೇ ಕ್ಯಾಸೆಟ್‌ಗೂ ಹತ್ತುತ್ತೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ತೇವ ಹೀರೋ ಸಿಲಿಕಾ ಜೆಲ್ ಜೊತೆ ಮುಚ್ಚಿಡಿ. ಬೂಷ್ಟು ಪೂರ್ತಿ ಒಣಗಿ, ಮುಟ್ಟಿದರೆ ಉದುರೋ ಪುಡಿಯಾಗಬೇಕು. ಹಸಿ ಇದ್ದಾಗ ಉಜ್ಜಿದರೆ ಟೇಪಿಗೆ ಬಳಿದುಕೊಳ್ಳುತ್ತೆ ಅಷ್ಟೇ. ಒಣಗಿದ ಮೇಲೆ ಮನೆ ಹೊರಗೆ, ಎನ್95 ಮಾಸ್ಕ್ ಹಾಕಿಕೊಂಡು, ಮೆತ್ತನೆ ಬ್ರಷ್‌ನಲ್ಲಿ ತೆಗೆಯಿರಿ. ಬಿಸಿಲಿಗೆ ಹರವಬೇಡಿ, ಹೊರಕವಚ ಸೊಟ್ಟಗಾಗುತ್ತೆ. ಇವನ್ನ ಓಡಿಸೋಕೆ ಒಂದು ಹಳೇ ಪ್ಲೇಯರನ್ನೇ ಮೀಸಲಿಡಿ, ಒಂದೊಂದು ಕ್ಯಾಸೆಟ್ ಆದಮೇಲೂ ಒರೆಸಿ.

ಎಲ್ಲ ಕ್ಯಾಸೆಟ್‌ಗೂ, ಓಡಿಸೋ ಮುಂಚೆ, ಮೇಲಂಚಿನ ಎರಡು ಪ್ಲಾಸ್ಟಿಕ್ ಚೂರು ಮುರಿದುಬಿಡಿ. ಅವು ಇದ್ದರೆ ಕೈತಪ್ಪಿ ರೆಕಾರ್ಡ್ ಗುಂಡಿ ಒತ್ತಿದಾಗ ಮಾತು ಅಳಿಸಿಹೋಗುತ್ತೆ. ಆಮೇಲೆ ಮುಂಭಾಗದ ಸಣ್ಣ ಫೆಲ್ಟ್ ಪ್ಯಾಡ್ ಇದೆಯಾ ನೋಡಿ. ಅಂಟು ಒಣಗಿ ಅದು ಬಿದ್ದುಹೋಗಿದ್ದರೆ ಟೇಪು ಹೆಡ್ಡಿಗೆ ಸರಿಯಾಗಿ ಒತ್ತೋದಿಲ್ಲ. ದನಿ ಮಸುಕಾಗಿ ಏರಿಳಿಯುತ್ತೆ. ಪರಿಹಾರ ಸುಲಭ: ಸ್ಕ್ರೂ ಇರೋ ಒಳ್ಳೇ ಖಾಲಿ ಕ್ಯಾಸೆಟ್ ನಾಲ್ಕಾರು ತಂದಿಟ್ಟುಕೊಂಡು, ಟೇಪಿನ ಸುರುಳಿಗಳನ್ನ ಅದರೊಳಗೆ ಕೂರಿಸಿ. ಅಂಟಿಸಿ ಮುಚ್ಚಿದ ಕವಚವಾದರೆ ಅಂಚಿಗೆ ಬ್ಲೇಡು ಹಾಕಿ ನಿಧಾನಕ್ಕೆ ಬಿಡಿಸಬೇಕು. ವರ್ಷಗಟ್ಟಲೆ ಅಲುಗಾಡದ ಟೇಪನ್ನ ಒಂದು ಸಲ ಕೊನೆವರೆಗೆ ಸುತ್ತಿ, ವಾಪಸ್ ಸುತ್ತಿ, ಆಮೇಲೆ ಓಡಿಸಿ. ಸುತ್ತಿನ ಬಿಗಿ ಒಂದೇ ಸಮ ಆಗುತ್ತೆ.

ಯುಎಸ್‌ಬಿ ಪ್ಲೇಯರ್ ಬೇಡ. ವಾಕ್‌ಮನ್ ಆಕಾರದ ಆ ಅಗ್ಗದ ಡಬ್ಬಿಗಳಲ್ಲಿ ವೇಗ ಒಂದೇ ಸಮ ಇಡೋ ಫ್ಲೈವೀಲ್ ಚಕ್ರ ಹಗುರ. ವೇಗ ನಿಲ್ಲೋದಿಲ್ಲ, ಹಾಡು ಅಲೆದಾಡುತ್ತೆ. ಒಳಗಿನ ಪರಿವರ್ತಕದ ಗುಜುಗುಜು ಟೇಪಿನ ಸದ್ದಿಗಿಂತ ಜೋರು. ಲೈನ್ ಔಟ್ ಇರೋ ಹಳೇ ಕ್ಯಾಸೆಟ್ ಡೆಕ್ ಹುಡುಕಿ, ಬೆಲ್ಟ್ ಬದಲಾಯಿಸಿ. ಆಟೊ ರಿವರ್ಸ್ ಇರೋದನ್ನ ಆದಷ್ಟು ಬಿಡಿ, ತಿರುಗೋ ಹೆಡ್ಡಿನ ಕೋನ ಸಡಿಲವಾಗಿರುತ್ತೆ. ಡೆಕ್‌ನಿಂದ ಕಂಪ್ಯೂಟರಿಗೆ ನಡುವೆ ಆಡಿಯೊ ಇಂಟರ್‌ಫೇಸ್ (ದನಿಯನ್ನ ಡಿಜಿಟಲ್ ಮಾಡಿ ಕೊಡೋ ಡಬ್ಬಿ) ಬೇಕು. ಬೆಹ್ರಿಂಗರ್ ಯುಸಿಎ202 ಅಗ್ಗ, ಆದರೆ 16 ಬಿಟ್‌ಗೇ ನಿಲ್ಲುತ್ತೆ. ಅದೇ ಕಂಪನಿಯ ಯುಎಂಸಿ202ಎಚ್‌ಡಿ ಅಥವಾ ಫೋಕಸ್‌ರೈಟ್ ಸ್ಕಾರ್ಲೆಟ್ 2ಐ2 ಥರದ್ದು 24 ಬಿಟ್ ಕೊಡುತ್ತೆ. ವಿಂಡೋಸ್‌ನಲ್ಲಿ ‘ಆಡಿಯೊ ಎನ್‌ಹ್ಯಾನ್ಸ್‌ಮೆಂಟ್’ ಅಂತಿರೋದೆಲ್ಲ ಆಫ್ ಮಾಡಿ. ಅದು ತಾನೇ ದನಿ ಏರಿಸಿ ಇಳಿಸಿ ಕೆಡಿಸುತ್ತೆ.

ಐದಾರು ಕ್ಯಾಸೆಟ್‌ಗೊಮ್ಮೆ ಹೆಡ್ಡು ಒರೆಸಿ. 99 ಪರ್ಸೆಂಟ್ ಐಸೊಪ್ರೊಪೈಲ್ ಆಲ್ಕೊಹಾಲ್, ಹತ್ತಿ ಕಡ್ಡಿ. ಕೈಗೆ ಹಾಕೋ ಸ್ಯಾನಿಟೈಸರ್ ಬಳಸಬೇಡಿ, ಅದರಲ್ಲಿ ನೀರೂ ಗ್ಲಿಸರಿನ್ನೂ ಇರುತ್ತೆ.

ಈಗ ಬಹಳ ಜನ ಬಿಟ್ಟುಬಿಡೋ ಕೆಲಸ. ಹೆಡ್ಡಿನ ಪಕ್ಕದಲ್ಲಿ ಒಂದು ಸಣ್ಣ ಸ್ಕ್ರೂ ಇರುತ್ತೆ, ಹೆಡ್ಡಿನ ಕೋನ ತಿದ್ದೋದು. ಹಳ್ಳಿಗಳಲ್ಲಿ ರೆಕಾರ್ಡ್ ಮಾಡಿದ ಯಂತ್ರದ ಕೋನ ನಿಮ್ಮ ಡೆಕ್‌ನದಕ್ಕೆ ಹೊಂದೋದು ಅಪರೂಪ. ಹೆಡ್‌ಫೋನ್ ಹಾಕಿ, ಎರಡು ಚಾನೆಲ್ಲನ್ನ ಮೋನೊ ಮಾಡಿಕೊಂಡು, ‘ಸ’, ‘ಶ’ ಅಕ್ಷರಗಳು ಚುರುಕಾಗಿ ಕೇಳೋವರೆಗೆ ಸ್ಕ್ರೂವನ್ನ ಕೂದಲೆಳೆಯಷ್ಟು ಆಚೀಚೆ ತಿರುಗಿಸಿ. ಪ್ರತಿ ಕ್ಯಾಸೆಟ್‌ಗೂ, ಎರಡೂ ಬದಿಗೂ ಇದನ್ನ ಮಾಡಬೇಕು. ಇಲ್ಲಿ ಕಳೆದುಹೋದ ಸ್ಪಷ್ಟತೆಯನ್ನ ಆಮೇಲೆ ಯಾವ ಸಾಫ್ಟ್‌ವೇರೂ ಪೂರ್ತಿ ತಂದುಕೊಡಲ್ಲ. ಡಾಲ್ಬಿ (ಟೇಪಿನ ಸುಂಯ್ ಸದ್ದು ತಗ್ಗಿಸೋ ಏರ್ಪಾಡು) ಆಫ್ ಇರಲಿ, ಸಾಧಾರಣ ರೆಕಾರ್ಡರಿನಲ್ಲಿ ಮಾಡಿದ ಮಾತುಕತೆಗೆ ಡಾಲ್ಬಿ ಆನ್ ಮಾಡಿದರೆ ದನಿ ಮಂಕಾಗುತ್ತೆ.

ವೇಗದ ವಿಷಯ. ಕ್ಯಾಸೆಟ್‌ನ ಸರಿಯಾದ ವೇಗ ಸೆಕೆಂಡಿಗೆ 4.76 ಸೆಂ.ಮೀ. ಸೆಲ್ಲು ಇಳಿದ ರೆಕಾರ್ಡರಿನಲ್ಲಿ ಮಾಡಿದ್ದು ಈಗ ಓಡಿಸಿದರೆ ಮುದುಕಿ ದನಿ ಹುಡುಗಿ ದನಿ ಆಗಿ ಕೇಳುತ್ತೆ. ಮನೆ ಕರೆಂಟಿಗೆ ಹಾಕಿ ರೆಕಾರ್ಡ್ ಮಾಡಿದ್ದರೆ ಟೇಪಿನಲ್ಲೇ 50 ಹರ್ಟ್ಸ್‌ನ ಗುಂಯ್‌ಗುಡುವಿಕೆ ಇರುತ್ತೆ. ಅಡಾಸಿಟಿ ಅನ್ನೋ ಧ್ವನಿ ಸಾಫ್ಟ್‌ವೇರಿನ ಸ್ಪೆಕ್ಟ್ರಮ್‌ನಲ್ಲಿ ಅದು 52ರ ಹತ್ತಿರ ಕಂಡರೆ ಟೇಪು ನೂರಕ್ಕೆ ನಾಲ್ಕರಷ್ಟು ಜೋರಾಗಿ ಓಡ್ತಿದೆ ಅಂತರ್ಥ. ನಿಮ್ಮ ಡೆಕ್‌ನದೇ ಗುಂಯ್ ಅದರಲ್ಲಿ ಬೆರೆತಿಲ್ಲ ಅಂತ ಮೊದಲು ಖಾಲಿ ಓಡಿಸಿ ನೋಡಿ. ತಿದ್ದೋದನ್ನ ಪ್ರತಿಯಲ್ಲಿ ಮಾಡಿ, ಮೂಲ ಫೈಲಿನಲ್ಲಿ ಬೇಡ.

ರೆಕಾರ್ಡ್ ಮಟ್ಟ ಗರಿಷ್ಠ ಮೈನಸ್ 10 ಡೆಸಿಬೆಲ್ ಸುತ್ತ ಇರಲಿ. 24 ಬಿಟ್ ಇದ್ದಾಗ ಮೇಲಕ್ಕೆ ತಳ್ಳೋ ಅಗತ್ಯವೇ ಇಲ್ಲ. ನಗು, ಕೆಮ್ಮು ಬಂದಾಗ ಸೀಳಿಹೋಗಬಾರದು. ಧ್ವನಿ ಭಂಡಾರಗಳ ಅಂತರರಾಷ್ಟ್ರೀಯ ಸಂಘ ಐಎಎಸ್‌ಎ ಹೇಳೋ ಕನಿಷ್ಠ 48 ಕಿಲೊಹರ್ಟ್ಸ್, 24 ಬಿಟ್. ದೊಡ್ಡ ಭಂಡಾರಗಳು 96ಕ್ಕೆ ಹೋಗ್ತಾವೆ. ಮಾತಿಗೆ 48 ಸಾಕು ಅನ್ನೋ ವಾದ ಇದೆ. ನನ್ನ ಓಟು 96ಕ್ಕೆ: ಹಾರ್ಡ್ ಡಿಸ್ಕ್ ಅಗ್ಗ, ಆ ಟೇಪು ಎರಡನೇ ಸಲ ಓಡುತ್ತೆ ಅನ್ನೋ ಖಾತ್ರಿ ಇಲ್ಲ. ಒಂದು ಬದಿಗೆ ಒಂದು ವೇವ್ (ಹಿಂಡದೆ ಪೂರ್ತಿ ಉಳಿಸೋ) ಫೈಲ್, ನಿಲ್ಲಿಸದೆ, ಕತ್ತರಿಸದೆ, ನಾಯ್ಸ್ ರಿಡಕ್ಷನ್ ಮುಟ್ಟದೆ. ಓಡೋವಾಗ ಒಬ್ಬರು ಪಕ್ಕದಲ್ಲಿ ಕೂತು ಕೇಳ್ತಾ, ಎಷ್ಟನೇ ನಿಮಿಷಕ್ಕೆ ಏನು ಮಾತು ಅಂತ ಗೀಚಿಕೊಳ್ಳಲಿ. ಹೇಗೂ ಟೇಪಿನಷ್ಟೇ ಹೊತ್ತು ಕಾಯಬೇಕು, ಲೇಬಲ್ ಇಲ್ಲದ ಕ್ಯಾಸೆಟ್‌ಗಳ ಗುರುತು ಹತ್ತೋದೂ ಆಗಲೇ.

ಅರಸೀಕೆರೆ ಗಾಳಿ ಉತ್ತರ:

ಮೇಲಿನವರ ಮಾತಿಗೆ ಲೆಕ್ಕ ಸೇರಿಸ್ತೀನಿ. 90 ಸಿ-60, 50 ಸಿ-90 ಅಂದರೆ 165 ಗಂಟೆ. 96 ಕಿಲೊಹರ್ಟ್ಸ್, 24 ಬಿಟ್ ಸ್ಟೀರಿಯೊ ಗಂಟೆಗೆ 2.07 ಜಿಬಿ; ಒಟ್ಟು ಹೆಚ್ಚುಕಮ್ಮಿ 340 ಜಿಬಿ. ಫ್ಲ್ಯಾಕ್ ಅನ್ನೋ ರೂಪಕ್ಕೆ ಮಾಡಿದರೆ ಸುಮಾರು ಅರ್ಧಕ್ಕಿಳಿಯುತ್ತೆ, ಒಂದು ಬಿಟ್ಟೂ ಕಳೆಯಲ್ಲ. ಫ್ಲ್ಯಾಕ್ ಫೈಲಿನೊಳಗೇ ಆಡಿಯೊದ ಎಂಡಿ5 ಮೊತ್ತ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ಕೂತಿರೋದರಿಂದ ಫೈಲು ಕೆಟ್ಟಿದೆಯಾ ಅಂತ ಯಾವಾಗ ಬೇಕಾದರೂ ಪರೀಕ್ಷಿಸಬಹುದು. ಕೇಳುಗರಿಗೆ ಕೊಡೋ 64 ಕೆಬಿಪಿಎಸ್ ಮೋನೊ ಎಂಪಿ3 ಗಂಟೆಗೆ 29 ಎಂಬಿ. 165 ಗಂಟೆಯೂ ಸೇರಿ 5 ಜಿಬಿ ದಾಟಲ್ಲ. ಅಂದರೆ ಎರಡು 1 ಟಿಬಿ ಡಿಸ್ಕ್‌ನಲ್ಲಿ ಎಲ್ಲಾ ಕೂರುತ್ತೆ.

ಎಂಪಿ3 ಒಂದೇ ಇಟ್ಟುಕೊಂಡರೆ ಸಾಲದು. ಮುಂದೆ ಯಾರಾದರೂ ಗಲಾಟೆ ತೆಗೆದು ಮಾತು ಬಿಡಿಸಬೇಕು ಅಂದಾಗ ಎಂಪಿ3 ಈಗಾಗಲೇ ಎಸೆದಿರೋ ವಿವರ ವಾಪಸ್ ಬರಲ್ಲ.

ಮೂರು ಪ್ರತಿ, ಎರಡು ಥರದ ಮಾಧ್ಯಮ, ಒಂದಾದರೂ ಬೇರೆ ಊರಲ್ಲಿ. ಒಂದು ಡಿಸ್ಕ್ ಹಾಸನದಲ್ಲಿರಲಿ. ಇನ್ನೊಂದನ್ನ ಅರಸೀಕೆರೆ, ಕಡೂರು ಕಡೆ ಇಡಿ, ಒಣ ಸೀಮೆ. ಸಕಲೇಶಪುರ, ಮೂಡಿಗೆರೆ ಮಳೆಗಾಲದಲ್ಲಿ ಮೂಲ ಕ್ಯಾಸೆಟ್‌ಗಳನ್ನೂ ಇಡಬೇಡಿ. ಗಾಳಿಯ ತೇವಾಂಶ 65 ಪರ್ಸೆಂಟ್ ದಾಟಿದ ಕಡೆ ಬೂಷ್ಟು ತಾನಾಗೇ ಬರುತ್ತೆ, 50ರ ಒಳಗಿದ್ದರೆ ಕ್ಷೇಮ. ತೇವಾಂಶ ಅಳೆಯೋ ಒಂದು ಸಣ್ಣ ಹೈಗ್ರೊಮೀಟರ್ ಪೆಟ್ಟಿಗೆಯೊಳಗೇ ಇರಲಿ. ಸಿಲಿಕಾ ಜೆಲ್ ಬಣ್ಣ ತಿರುಗಿದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಬಹುದು. ಮೂರನೇ ಪ್ರತಿ ಆನ್‌ಲೈನ್‌ನಲ್ಲಿ. ಪೆನ್‌ಡ್ರೈವ್ ಸಾಗಿಸೋಕೆ ಮಾತ್ರ, ಕಾಪಾಡೋಕಲ್ಲ. ಎಸ್‌ಎಸ್‌ಡಿಯನ್ನ ಕರೆಂಟ್ ಕೊಡದೆ ವರ್ಷಗಟ್ಟಲೆ ಬೀರುವಿನಲ್ಲಿಡೋದೂ ಸರಿಯಲ್ಲ.

ಫೈಲ್ ಹೆಸರು ಒಂದೇ ಕ್ರಮದಲ್ಲಿರಲಿ: ಸಂಗ್ರಹದ ಗುರುತು, ಮೂರಂಕಿಯ ಕ್ಯಾಸೆಟ್ ಸಂಖ್ಯೆ, ಬದಿ. ‘ಹೇಮಾ_037_ಎ’ ಅನ್ನೋ ಥರ, ಆದರೆ ಇಂಗ್ಲಿಷ್ ಸಣ್ಣಕ್ಷರದಲ್ಲಿ, ಖಾಲಿ ಜಾಗ ಬಿಡದೆ. ಕನ್ನಡ ಹೆಸರೆಲ್ಲ ಪಟ್ಟಿಯಲ್ಲಿರಲಿ, ಫೈಲ್ ಹೆಸರಲ್ಲಿ ಬೇಡ. ಅದೇ ಸಂಖ್ಯೆಯನ್ನ ಕ್ಯಾಸೆಟ್ ಮೇಲೂ ಪೆನ್ಸಿಲ್ಲಲ್ಲಿ ಬರೀರಿ. ಹಳೇ ಲೇಬಲ್ ಕೀಳಬೇಡಿ, ಫೋಟೊ ತೆಗೆದು ಅದನ್ನೂ ಅದೇ ಸಂಖ್ಯೆಯಲ್ಲಿ ಉಳಿಸಿ. ಎಲ್ಲ ಫೈಲಿನ ಎಸ್‌ಎಚ್‌ಎ-256 ಮೊತ್ತದ ಪಟ್ಟಿ ಮಾಡಿ ಎರಡೂ ಡಿಸ್ಕ್‌ನಲ್ಲಿಡಿ (ವಿಂಡೋಸ್‌ನಲ್ಲೇ ಇರೋ ಸರ್ಟ್‌ಯುಟಿಲ್ ಸಾಕು). ವರ್ಷಕ್ಕೊಮ್ಮೆ ತಾಳೆ ನೋಡಿ.

ವಾಟ್ಸ್‌ಆ್ಯಪ್ ಫೈಲುಗಳು: ಬಂದ ರೂಪದಲ್ಲೇ ಇಡಿ. ವೇವ್‌ಗೆ ತಿರುಗಿಸಿದರೆ ಗಾತ್ರ ಹೆಚ್ಚುತ್ತೆ, ಗುಣಮಟ್ಟ ಹೆಚ್ಚಲ್ಲ. ಫೋನಿನಲ್ಲಿ ಮೂಲ ಇನ್ನೂ ಇದ್ದರೆ ಕೇಬಲ್ ಹಾಕಿ ತರಿಸಿ, ಇಲ್ಲಾ ‘ಡಾಕ್ಯುಮೆಂಟ್’ ಅಂತ ಕಳಿಸೋಕೆ ಹೇಳಿ. ಧ್ವನಿ ಸಂದೇಶವಾಗಿ ಹೇಳಿದ್ದಾದರೆ ಆಗಲೇ ಹಿಂಡಿಹೋಗಿರುತ್ತೆ. ಫೈಲ್ ಹೆಸರಿನಲ್ಲಿ ಕಾಣೋ ತಾರೀಖು ಕಳಿಸಿದ ದಿನದ್ದು, ಮಾತಾಡಿದ ದಿನದ್ದು ಅಂತ ನಂಬಬೇಡಿ.

ಮಲ್ಲಿಗೆಹಳ್ಳ:

ಇಷ್ಟೆಲ್ಲಾ ಯಾಕೆ, ಒಂದು ಫೋಟೊ ಅಂಟಿಸಿ ಯೂಟ್ಯೂಬ್‌ಗೆ ಹಾಕಿಬಿಟ್ರೆ ಆಗಲ್ವಾ? ಜನ ಇರೋದೇ ಅಲ್ಲಿ.

ಅರಸೀಕೆರೆ ಗಾಳಿ:

ಕಿಟಕಿಯಾಗಿ ಇಟ್ಟುಕೊಳ್ಳಿ, ಕಣಜವಾಗಿ ಬೇಡ. ಹಾಕಿದ್ದನ್ನ ಅದು ಮತ್ತೆ ಹಿಂಡುತ್ತೆ, ಕೊಟ್ಟ ಮೂಲ ಫೈಲು ಹಾಗೇ ವಾಪಸ್ ಸಿಗಲ್ಲ. ಖಾತೆಯ ಪಾಸ್‌ವರ್ಡ್ ಇದ್ದವರು ಬಳಗ ಬಿಟ್ಟರೆ ಚಾನೆಲ್ಲೂ ಹೋಯ್ತು. ಹಿನ್ನೆಲೆಯಲ್ಲಿ ರೇಡಿಯೊ ಹಾಡು ಕೇಳಿಸಿದರೆ ಹಕ್ಕಿನ ತಗಾದೆ ಬೇರೆ. ಐದು ನಿಮಿಷದ ತುಣುಕು ಹಾಕಿ, ಕೆಳಗೆ ಪೂರ್ತಿ ಧ್ವನಿಯ ಕೊಂಡಿ ಕೊಡಿ.

ಜಗಲಿಕಟ್ಟೆ ಉತ್ತರ:

ಎಲ್ಲರೂ ಎಲ್ಲಿ ಹಾಕೋದು ಅಂತ ಮಾತಾಡ್ತಿದ್ದೀರಿ. ಹಾಕಬಹುದಾ ಅನ್ನೋದು ಇತ್ಯರ್ಥ ಆಗೋವರೆಗೆ ಒಂದೂ ಹೊರಗೆ ಹೋಗಬಾರದು. ಇಂಟರ್ನೆಟ್ ಆರ್ಕೈವ್‌ನಲ್ಲಿ ಸಾಮಾನ್ಯ ಖಾತೆಯವರಿಗೆ ‘ನನಗೆ ಮಾತ್ರ’ ಅನ್ನೋ ಆಯ್ಕೆ ಇಲ್ಲ, ಏರಿಸಿದ್ದು ಅಂದೇ ಬಹಿರಂಗ. ಕ್ರಿಯೇಟಿವ್ ಕಾಮನ್ಸ್ ಪರವಾನಗಿ (ಬೇರೆಯವರು ಷರತ್ತಿನ ಮೇಲೆ ಬಳಸೋಕೆ ಕೊಡೋ ಮುಕ್ತ ಅನುಮತಿ) ಒಮ್ಮೆ ಕೊಟ್ಟರೆ, ಆ ಷರತ್ತಿನ ಮೇಲೆ ಇಳಿಸಿಕೊಂಡವರಿಂದ ವಾಪಸ್ ಪಡೆಯೋಕಾಗಲ್ಲ.

ಕಾನೂನು ಮೊದಲು. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಧ್ವನಿಮುದ್ರಣದ ಹಕ್ಕು ಅದನ್ನ ಮುಂದೆ ನಿಂತು ಮಾಡಿಸಿದವರದ್ದು. ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. ಸೋಬಾನೆ ಹಾಡಿದವರಿಗೆ ಪ್ರದರ್ಶಕರ ಹಕ್ಕು ಬೇರೆ ಇದೆ, ಅದು 50 ವರ್ಷ. ಹಾಗಾಗಿ ಕ್ಯಾಸೆಟ್ ನಮ್ಮ ಕಪಾಟಿನಲ್ಲಿದೆ ಅಂದ ಮಾತ್ರಕ್ಕೆ ಅದು ನಮ್ಮದಲ್ಲ. ರೆಕಾರ್ಡ್ ಮಾಡಿದವರು ಯಾರು ಅಂತ ಹುಡುಕಿ ಅವರಿಂದ ಒಂದು ಪತ್ರ ಬರೆಸಿಕೊಳ್ಳಿ. ರಾಶಿಯೊಳಗೆ ಆಕಾಶವಾಣಿ ಕಾರ್ಯಕ್ರಮ ಹಿಡಿದಿಟ್ಟ ಕ್ಯಾಸೆಟ್‌ಗಳೂ ಸಿಗಬಹುದು, ಮನೆಗಳಲ್ಲಿ ಅದು ಸಾಮಾನ್ಯ. ಪ್ರಸಾರದ ಹಕ್ಕು 25 ವರ್ಷಕ್ಕೆ ಮುಗಿದರೂ ಒಳಗಿನ ಹಾಡು, ಮುದ್ರಣದ ಹಕ್ಕು ಮುಗಿದಿರಲ್ಲ. ಅವನ್ನ ಬದಿಗಿಡಿ.

ಕಾನೂನಿಗಿಂತ ದೊಡ್ಡದು ಊರಿನ ಲೆಕ್ಕ. ಮುಳುಗಡೆಯ ಮಾತು ಅಂದರೆ ಜಮೀನಿನ ಮಾತು. 1974ರ ಭೂಸುಧಾರಣೆ ತಿದ್ದುಪಡಿ ಆದಮೇಲೆ ಗೇಣಿ ಅರ್ಜಿ ಹಾಕಿದವರು, ಪರಿಹಾರ ಯಾರ ಹೆಸರಿಗೆ ಬಂತು, ಅಣ್ಣತಮ್ಮಂದಿರಲ್ಲಿ ಯಾರಿಗೆ ಕೈಬಿಟ್ಟಿತು, ಯಾವ ಅಧಿಕಾರಿ ಎಷ್ಟು ಕಿತ್ತ, ಯಾರನ್ನ ಯಾವ ಜಾತಿ ಹೆಸರಲ್ಲಿ ಬೈದರು, ಎಲ್ಲ ಹೆಸರು ಸಮೇತ ಬಂದಿರುತ್ತೆ. ಕೆಲವು ವ್ಯಾಜ್ಯ ಇವತ್ತಿಗೂ ಕೋರ್ಟಿನಲ್ಲಿರಬಹುದು. ಮಾತಾಡಿದವರು ಎದುರಿಗೆ ಕೂತ ಒಬ್ಬರಿಗೆ ಹೇಳಿದ್ದು, ಲೋಕಕ್ಕೆ ಹೇಳಿದ್ದಲ್ಲ.

ಆದ್ದರಿಂದ ಮೂರು ರಾಶಿ ಮಾಡಿ. ಹಾಡು, ಬೇಸಾಯ, ಜಾತ್ರೆ, ಮನೆ ಕಟ್ಟೋ ಬಗೆ ಥರದ್ದು, ಮನೆಯವರು ಒಪ್ಪಿದರೆ ಪೂರ್ತಿ ಬಹಿರಂಗ. ಅಲ್ಲಲ್ಲಿ ಹೆಸರು ಬಂದಿರೋದು, ಆ ಜಾಗ ಮುಚ್ಚಿ ಬಹಿರಂಗ. ಉಳಿದದ್ದು ಬೀಗದೊಳಗೆ, ಕ್ಯಾಸೆಟ್ ಸಂಖ್ಯೆ, ವಿಷಯ, ವರ್ಷ ಮಾತ್ರ ಪಟ್ಟಿಯಲ್ಲಿ ಕಾಣಲಿ, ಎಲ್ಲಿವರೆಗೆ ಮುಚ್ಚಿಡೋದು ಅಂತ ಇಸವಿ ಬರೆದಿಡಿ. ಮುಚ್ಚೋವಾಗ ಆ ತುಣುಕನ್ನ ಕತ್ತರಿಸಬೇಡಿ. ಅಷ್ಟೇ ಉದ್ದದ ಮೌನ ಹಾಕಿ. ಕತ್ತರಿಸಿದರೆ ಮುಂದಿನ ಎಲ್ಲ ಸಮಯದ ಗುರುತೂ ಜರುಗಿ ಅನುಕ್ರಮಣಿಕೆ ಕೆಡುತ್ತೆ. ಇದು ಕೇಳುಗರ ಪ್ರತಿಯಲ್ಲಿ ಮಾತ್ರ. ಮೂಲಕ್ಕೆ ಕೈ ಹಾಕಬೇಡಿ.

ತೀರಿಹೋದವರ ವಿಷಯದಲ್ಲಿ ಮಕ್ಕಳೋ ಮೊಮ್ಮಕ್ಕಳೋ ಒಬ್ಬರಾದರೂ ಮೊದಲು ಕೂತು ಕೇಳಲಿ, ಆಮೇಲೆ ಸಹಿ. ಒಪ್ಪಿಗೆ ಪತ್ರ ಒಂದು ಪುಟ ದಾಟಬಾರದು, ಕನ್ನಡದಲ್ಲಿರಬೇಕು, ಓದಿ ಹೇಳಬೇಕು, ಹೆಬ್ಬೆಟ್ಟಿಗೂ ಜಾಗ ಇರಬೇಕು. ಅದರಲ್ಲಿ ನಾಲ್ಕು ಪ್ರಶ್ನೆ ಸಾಕು: ಹೆಸರು ಹಾಕಬಹುದಾ, ಪೂರ್ತಿ ಹಾಕಬಹುದಾ, ಬೇರೆಯವರು ಇಳಿಸಿಕೊಂಡು ಬಳಸಬಹುದಾ, ದುಡ್ಡಿಗೆ ಬಳಸಬಹುದಾ. ಕೊನೇದಕ್ಕೆ ಬೇಡ ಅಂದರೆ ‘ವಾಣಿಜ್ಯೇತರ’ ಪರವಾನಗಿ ಹಾಕಿ, ಆದರೆ ಅಂಥದ್ದನ್ನ ವಿಕಿಮೀಡಿಯ ಕಾಮನ್ಸ್ ತಗೊಳಲ್ಲ ಅನ್ನೋದು ಗೊತ್ತಿರಲಿ. ಬೇಡವಾದರೆ ತೆಗೆಸೋಕೆ ಯಾರಿಗೆ ಹೇಳಬೇಕು ಅನ್ನೋ ವಿಳಾಸ ಪ್ರತಿ ಪುಟದಲ್ಲೂ ಇರಬೇಕು.

ಟೇಪುತಲೆ:

ಜಗಲಿಕಟ್ಟೆಯವರ ಮಾತು ಸರಿ, ಒಂದು ತಕರಾರು. ಅನುಮತಿ ಬರಲಿ ಅಂತ ಡಿಜಿಟಲ್ ಮಾಡೋದನ್ನೇ ನಿಲ್ಲಿಸಬೇಡಿ. ಬೂಷ್ಟು ಅನುಮತಿಗೆ ಕಾಯಲ್ಲ. ಕಾಪಾಡೋದೂ ಪ್ರಕಟಿಸೋದೂ ಬೇರೆ ಬೇರೆ ಕೆಲಸ.

ಜಗಲಿಕಟ್ಟೆ:

ಒಪ್ಪಿದೆ. ಹೊರಗೆ ಹೋಗೋದಕ್ಕಷ್ಟೇ ನನ್ನ ತಡೆ.

ಹೊಳೆದಂಡೆ:

ಉಪಕಾರ. ಇನ್ನೂ ಮೂರು ಸಂಶಯ. ಪೂರ್ತಿ ಮಾತನ್ನ ಅಕ್ಷರಕ್ಕಿಳಿಸಲೇಬೇಕಾ? ಪಟ್ಟಿ ಎಕ್ಸೆಲ್‌ನಲ್ಲಿ ಮಾಡಿ ಸಿಎಸ್‌ವಿ ತೆರೆದರೆ ಕನ್ನಡದ ಜಾಗದಲ್ಲಿ ಏನೇನೋ ಚಿಹ್ನೆ ಬರುತ್ತೆ, ಯಾಕೆ? ಮುಳುಗಿದ ಊರನ್ನ ನಕ್ಷೆಯಲ್ಲಿ ಗುರುತಿಸೋದು ಹೇಗೆ, ಈಗಿನ ನಕ್ಷೆಯಲ್ಲಿ ಬರೀ ನೀರು ಕಾಣುತ್ತೆ.

ಪದಪಟ್ಟಿ ಉತ್ತರ:

ಪೂರ್ತಿ ಅಕ್ಷರಕ್ಕಿಳಿಸೋದಕ್ಕೆ ಹೊರಟರೆ ಒಂದು ಗಂಟೆ ಮಾತಿಗೆ ಆರರಿಂದ ಎಂಟು ಗಂಟೆ ಹಿಡಿಯುತ್ತೆ. ಇಬ್ಬರು ಒಟ್ಟಿಗೆ ಮಾತಾಡಿದ ಕಡೆ ಇನ್ನೂ ಜಾಸ್ತಿ. 165 ಗಂಟೆಗೆ ಗುಣಿಸಿ ನೋಡಿ, ಕೆಲಸ ನಡುವೆ ನಿಲ್ಲೋದೇ ಹೆಚ್ಚು. ಮೊದಲು ಅನುಕ್ರಮಣಿಕೆ ಮಾಡಿ: ಮೂರರಿಂದ ಏಳು ನಿಮಿಷಕ್ಕೊಂದು ತುಂಡು, ಅದಕ್ಕೆ ಶುರುವಾಗೋ ಸಮಯ, ಒಂದು ತಲೆಬರಹ, ಎರಡು ಸಾಲು ಸಾರ, ಊರ ಹೆಸರು, ಹುಡುಕು ಪದಗಳು. ಕೆಂಟಕಿ ವಿಶ್ವವಿದ್ಯಾಲಯದ ನನ್ ಮೌಖಿಕ ಇತಿಹಾಸ ಕೇಂದ್ರದವರು ಮಾಡಿದ ಓಹೆಚ್‌ಎಂಎಸ್ ಅನ್ನೋ ಉಚಿತ ಉಪಕರಣ ಇದಕ್ಕೇ ಇದೆ. ತಲೆಬರಹ ಒತ್ತಿದರೆ ಧ್ವನಿ ಅಲ್ಲಿಗೇ ಹೋಗುತ್ತೆ. ಇದಕ್ಕೆ ಕೊಡೋ ಎಂಪಿ3 ಸ್ಥಿರ ಬಿಟ್‌ರೇಟ್‌ನದ್ದಾಗಿರಲಿ. ಬದಲಾಗೋ ಬಿಟ್‌ರೇಟ್ ಇದ್ದರೆ ಬ್ರೌಸರ್ ಜಾಗವನ್ನ ಅಂದಾಜು ಮಾಡಿ ಹಾರುತ್ತೆ. ಉದ್ದದ ಫೈಲಿನ ಕೊನೆಗೆ ಬಂದಾಗ ಸಮಯ ತಪ್ಪುತ್ತೆ.

ಯಂತ್ರದಿಂದ ಬರೆಸೋದು: ಮಾತನ್ನ ಅಕ್ಷರಕ್ಕಿಳಿಸೋ ವಿಸ್ಪರ್ ಸಾಫ್ಟ್‌ವೇರ್ ಆಗಲಿ, ಐಐಟಿ ಮದ್ರಾಸಿನ ಎಐ4ಭಾರತ್ ಮಾದರಿಗಳಾಗಲಿ, ಕರಡು ಪ್ರತಿಗೆ ಮಾತ್ರ. ಹಾಡು ಅಥವಾ ಉದ್ದದ ಮೌನ ಬಂದ ಕಡೆ ವಿಸ್ಪರ್ ಇಲ್ಲದ ವಾಕ್ಯ ಹುಟ್ಟಿಸುತ್ತೆ. ಹಾಸನದ ಹಳ್ಳಿ ಮಾತನ್ನ ಪುಸ್ತಕದ ಕನ್ನಡಕ್ಕೆ ತಿದ್ದಿಬಿಡೋದೂ ಉಂಟು. ಬರಹದಲ್ಲಿ ಅವರು ‘ವಳೆ’, ‘ಅಳ್ಳಿ’ ಅಂದಿದ್ದರೆ ಹಾಗೇ ಇರಲಿ. ‘ಹೊಳೆ’, ‘ಹಳ್ಳಿ’ ಅನ್ನೋದನ್ನ ಹುಡುಕು ಪದದ ಕಾಲಂನಲ್ಲಿ ಹಾಕಿ, ಆಗ ಹುಡುಕಿದವರಿಗೂ ಸಿಗುತ್ತೆ.

ಎಕ್ಸೆಲ್ ಸಮಸ್ಯೆ: ಸಿಎಸ್‌ವಿ ಮೇಲೆ ಎರಡು ಸಲ ಒತ್ತಿ ತೆರೆದಾಗ ಅದು ಯುಟಿಎಫ್-8 ಅಂತ ಎಕ್ಸೆಲ್‌ಗೆ ಗೊತ್ತಾಗಲ್ಲ. ‘ಡೇಟಾ’ ಮೆನುವಿನಿಂದ ತರಿಸಿ, 65001 ಯುಟಿಎಫ್-8 ಆರಿಸಿ. ಉಳಿಸೋವಾಗಲೂ ‘ಸಿಎಸ್‌ವಿ ಯುಟಿಎಫ್-8’ ಅಂತಿರೋದನ್ನೇ ಆರಿಸಿ. ಲಿಬ್ರೆಆಫೀಸ್ ತೆರೆಯೋವಾಗಲೇ ಕೇಳುತ್ತೆ, ಅದೇ ವಾಸಿ. ಎಕ್ಸೆಲ್ 037 ಅನ್ನೋದನ್ನ 37 ಮಾಡುತ್ತೆ, ಆ ಕಾಲಂ ‘ಟೆಕ್ಸ್ಟ್’ ಆಗಿರಲಿ. ಹಳೇ ಪಟ್ಟಿ ನುಡಿಯ ಆಸ್ಕಿ ಫಾಂಟಿನಲ್ಲಿದ್ದರೆ ಯೂನಿಕೋಡ್‌ಗೆ ಪರಿವರ್ತಿಸಿ, ಒಂದೊಂದು ಸಾಲೂ ಕಣ್ಣಲ್ಲಿ ನೋಡಿ. ಅರ್ಕಾವತ್ತು, ಒತ್ತಕ್ಷರ ತಪ್ಪೋದು ಅಲ್ಲೇ. ಇನ್ನೊಂದು ಕಾಣದ ತೊಂದರೆ: ‘ಗೊರೂರು’ ಪದದ ‘ಗೊ’ವನ್ನ ಒಂದೇ ಸ್ವರಚಿಹ್ನೆಯಾಗಿಯೂ, ಎರಡು ಚಿಹ್ನೆ ಸೇರಿಸಿಯೂ ಕೂಡಿಸಬಹುದು. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಹುಡುಕಿದರೆ ಅರ್ಧ ಸಿಗಲ್ಲ. ಏರಿಸೋ ಮುಂಚೆ ಇಡೀ ಪಟ್ಟಿಯನ್ನ ಎನ್‌ಎಫ್‌ಸಿ ಅನ್ನೋ ಯೂನಿಕೋಡ್‌ನ ಒಂದೇ ರೂಪಕ್ಕೆ ತನ್ನಿ.

ಊರುಗಳಿಗೆ ಮೂರು ಕಾಲಂ ಇಡಿ: ಮುಳುಗಿದ ಊರು, ಅದರ ಹೋಬಳಿ-ತಾಲ್ಲೂಕು, ಈಗ ನೆಲೆಸಿರೋ ಊರು. ಅಣೆಕಟ್ಟೆ ಮುಗಿದಿದ್ದು 1979ರಲ್ಲಿ, ಹಾಗಾಗಿ ಅದಕ್ಕೂ ಹಿಂದಿನ, ಮೈಲಿಗೆ ಒಂದಿಂಚಿನ ಸರ್ವೆ ಆಫ್ ಇಂಡಿಯಾ ನಕ್ಷೆ ಬೇಕು. ಗೊರೂರು 57ಡಿಯ ಹಾಳೆಗೆ ಬರುತ್ತೆ, 76ನೇ ರೇಖಾಂಶದಿಂದ ಪಶ್ಚಿಮಕ್ಕಿರೋದು 48ಪಿಗೆ. ಆ ಹಾಳೆಯನ್ನ ಕ್ಯೂಜಿಐಎಸ್ ಅನ್ನೋ ಉಚಿತ ನಕ್ಷೆ ಸಾಫ್ಟ್‌ವೇರಿನಲ್ಲಿ ಈಗಿನ ಉಪಗ್ರಹ ಚಿತ್ರದ ಮೇಲೆ ಕೂರಿಸಿ, ನೀರಿಗೆ ಸಿಗದ ಗುಡ್ಡದ ತುದಿ, ಹಳೇ ರಸ್ತೆ ಕೂಡು, ಗೊರೂರಿನ ದೇವಸ್ಥಾನ ಥರದ ನಾಲ್ಕೈದು ಗುರುತು ಹೊಂದಿಸಿ. ಹಿನ್ನೀರಿನಲ್ಲಿ ಮುಳುಗಿ ಬೇಸಿಗೆಯಲ್ಲಿ ಮೇಲೆ ಕಾಣೋ ಶೆಟ್ಟಿಹಳ್ಳಿ ಚರ್ಚೂ ಒಳ್ಳೇ ಗುರುತು. ಸಿಕ್ಕ ಅಕ್ಷಾಂಶ ‘ಅಂದಾಜು’ ಅಂತ ಬರೆದಿರಿ. ಇಸವಿ ಗೊತ್ತಿದ್ದು ತಿಂಗಳು ಗೊತ್ತಿಲ್ಲದಿದ್ದರೆ ಬರೀ 1986 ಸಾಕು, ಜನವರಿ 1 ಅಂತ ತುಂಬಬೇಡಿ.

ಕಾಫಿಕಾನು (ಚಿಕ್ಕಮಗಳೂರು):

ಇದೇ ಎಳೆಗೆ ಸೇರುತ್ತೆ ಅಂತ ಕೇಳ್ತಿದ್ದೀನಿ. ಇಲ್ಲಿ ಕುದುರೆಮುಖ ಗಣಿ ಊರಲ್ಲಿದ್ದವರ ಮಾತು ರೆಕಾರ್ಡ್ ಮಾಡೋ ಯೋಚನೆ ಇದೆ. ಗಣಿ ನಿಂತಿದ್ದು 2005ರ ಡಿಸೆಂಬರ್ 31ಕ್ಕೆ, ಜನ ಚದುರಿಹೋಗಿದ್ದಾರೆ. ಕನ್ನಡ, ತುಳು, ತಮಿಳು ಮೂರೂ ಒಂದೇ ಮಾತಲ್ಲಿ ಬರುತ್ತೆ. ಹೊಸದಾಗಿ ಮಾಡೋವಾಗ ಏನು ನೋಡಿಕೊಳ್ಳಬೇಕು?

ಟೇಪುತಲೆ:

ವೇವ್, 48 ಕಿಲೊಹರ್ಟ್ಸ್, 24 ಬಿಟ್, ಮೋನೊ. ಗಂಟೆಗೆ 520 ಎಂಬಿ. ಕಾಲರ್ ಮೈಕು ಗದ್ದದಿಂದ ಒಂದು ಗೇಣು ಕೆಳಗೆ, ಸೆರಗು, ಸರ ಉಜ್ಜದ ಕಡೆ. ಗರಿಷ್ಠ ಮಟ್ಟ ಮೈನಸ್ 12 ಡೆಸಿಬೆಲ್. ಫೋನು ಏರೋಪ್ಲೇನ್ ಮೋಡ್‌ನಲ್ಲಿರಲಿ. ಮಾತು ಶುರುವಾಗೋ ಮುಂಚೆ ಅರ್ಧ ನಿಮಿಷ ಸುಮ್ಮನಿದ್ದು ಕೋಣೆಯ ಸದ್ದು ಹಿಡಿಯಿರಿ, ಆಮೇಲೆ ತಾರೀಖು, ಊರು, ಹೆಸರು, ಒಪ್ಪಿಗೆ ಬಾಯಲ್ಲೇ ಹೇಳಿಸಿ. ತಗಡಿನ ಮಾಡಿನ ಕೆಳಗೆ ಮಳೆಗಾಲದಲ್ಲಿ ಕೂರಬೇಡಿ. ಮಳೆ ಸದ್ದು ಮಾತಿನ ಎಲ್ಲ ಸ್ವರದ ಮೇಲೂ ಹರಡಿರೋದರಿಂದ ಬೇರ್ಪಡಿಸೋದು ಕಷ್ಟ. ಫ್ಯಾನಿನ ಗುಂಯ್ ಆದರೆ ಒಂದೇ ಮಟ್ಟದಲ್ಲಿರುತ್ತೆ, ಆರು ಡೆಸಿಬೆಲ್ ಇಳಿಸಬಹುದು, ಅದಕ್ಕಿಂತ ಹೆಚ್ಚು ಇಳಿಸಹೋದರೆ ದನಿ ಕೊಳವೆಯೊಳಗಿಂದ ಬಂದ ಹಾಗಾಗುತ್ತೆ. ಸಂಜೆ ಜೀರುಂಡೆ ಶುರುವಾಗೋ ಮುಂಚೆ ಮುಗಿಸಿ. ಕೊಯ್ಲಿನ ತಿಂಗಳಲ್ಲಿ ತೋಟದ ಮನೆಗಳಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಪಲ್ಪರ್ ಸದ್ದೂ ಇರುತ್ತೆ, ಜನಕ್ಕೆ ಪುರಸೊತ್ತೂ ಇರಲ್ಲ.

ಪದಪಟ್ಟಿ:

ಭಾಷೆಯ ಕಾಲಂನಲ್ಲಿ ಮೂರನ್ನೂ ಸಂಕೇತದಲ್ಲಿ ಬರೀರಿ. ಮೂರಕ್ಷರದ ಐಎಸ್‌ಒ ಸಂಕೇತ ಕನ್ನಡಕ್ಕೆ ಕೆಎಎನ್, ತುಳುವಿಗೆ ಟಿಸಿವೈ, ತಮಿಳಿಗೆ ಟಿಎಎಂ. ಹಾಸನದವರಿಗೂ ಇದು ಬೇಕಾದೀತು: ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿಯ ಹಕ್ಕಿಪಿಕ್ಕಿಗಳ ವಾಗ್ರಿಬೋಲಿಗೆ ವಿಎಎ. ಯಾವ ತುಂಡು ಯಾವ ಭಾಷೆ ಅಂತ ಅನುಕ್ರಮಣಿಕೆಯಲ್ಲೇ ಗುರುತಿಸಿ.

ಅರಸೀಕೆರೆ ಗಾಳಿ:

ಕೊನೆಗೆ ಎಲ್ಲಿ ಹಾಕೋದು ಅನ್ನೋ ಮೂಲ ಪ್ರಶ್ನೆ. ಎರಡೂ ಕಡೆ. ಇಂಟರ್ನೆಟ್ ಆರ್ಕೈವ್‌ಗೆ ಫ್ಲ್ಯಾಕ್ ಏರಿಸಿದರೆ ಎಂಪಿ3 ಅದೇ ಮಾಡಿಕೊಳ್ಳುತ್ತೆ, ದುಡ್ಡಿಲ್ಲ. ಒಂದು ಕ್ಯಾಸೆಟ್‌ಗೆ ಒಂದು ಐಟಂ, ಎರಡೂ ಬದಿ ಅದರೊಳಗೆ. ಐಟಂನ ಗುರುತು ಹೆಸರನ್ನ ಆಮೇಲೆ ಬದಲಿಸೋಕಾಗಲ್ಲ, ಅದಕ್ಕೇ ಸಂಖ್ಯೆ ಮೊದಲೇ ಪಕ್ಕಾ ಆಗಿರಬೇಕು. ಮೊದಲ ಒಂದೆರಡನ್ನ ಅಲ್ಲಿರೋ ‘ಟೆಸ್ಟ್ ಕಲೆಕ್ಷನ್’ಗೆ ಹಾಕಿ ನೋಡಿ, 30 ದಿನಕ್ಕೆ ತಾನೇ ಅಳಿಯುತ್ತೆ. ಆದರೆ ಆ 30 ದಿನ ಅದೂ ಬಹಿರಂಗವೇ, ಹಾಗಾಗಿ ಒಪ್ಪಿಗೆ ಇರೋದನ್ನೇ ಹಾಕಿ. 50 ಐಟಂ ಆದಮೇಲೆ ನಿಮ್ಮದೇ ಸಂಗ್ರಹದ ಪುಟ ಕೇಳಬಹುದು. ಅದೊಂದನ್ನೇ ನೆಚ್ಚಿಕೊಳ್ಳಬೇಡಿ. 2024ರ ಅಕ್ಟೋಬರ್‌ನಲ್ಲಿ ಸೈಬರ್ ದಾಳಿಯಾದಾಗ ಅದು ದಿನಗಟ್ಟಲೆ ತೆರೆಯಲಿಲ್ಲ.

ಸ್ವಂತ ಸೈಟು ಬರೀ ಎಚ್‌ಟಿಎಂಎಲ್ ಪುಟಗಳಾಗಿರಲಿ, ಡೇಟಾಬೇಸ್ ಬೇಡ. ನೋಡಿಕೊಳ್ಳೋರು ಇಲ್ಲದಿದ್ದರೂ ನಡೆಯುತ್ತೆ. ಪುಟ ತೆರೆದ ಕೂಡಲೇ ಆಡಿಯೊ ಇಳಿಯದ ಹಾಗೆ ‘ಪ್ರೀಲೋಡ್’ ಅನ್ನು ‘ನನ್’ (none) ಮಾಡಿ, ಸಿಗ್ನಲ್ ಕಡಿಮೆ ಇರೋ ಕಡೆಯವರ ಡೇಟಾ ಉಳಿಯುತ್ತೆ. ಡೊಮೈನ್ ಒಬ್ಬರ ಸ್ವಂತ ಇಮೇಲ್‌ಗೆ ಬೇಡ, ಬಳಗದ್ದೇ ಒಂದಿರಲಿ.

ಮನೆಯವರಿಗೆ ಪೆನ್‌ಡ್ರೈವ್ ಕೊಡೋವಾಗ ಎಫ್‌ಎಟಿ32 ಫಾರ್ಮ್ಯಾಟ್, 128 ಕೆಬಿಪಿಎಸ್ ಎಂಪಿ3. ಸ್ಪೀಕರ್ ಡಬ್ಬಿ, ಕಾರಿನ ಸ್ಟೀರಿಯೊಗಳಲ್ಲಿ ಬಹಳಷ್ಟು ಕನ್ನಡ ಹೆಸರು ತೋರಿಸಲ್ಲ, ಫೈಲಿಗೆ 01, 02 ಅಂತ ಹಾಕಿ ಒಂದು ಚೀಟಿಯಲ್ಲಿ ಪಟ್ಟಿ ಅಚ್ಚು ಹಾಕಿ ಕೊಡಿ. ಪುನರ್ವಸತಿ ಊರಿನ ಹಾಲಿನ ಡೇರಿ, ಅಂಗನವಾಡಿ ಗೋಡೆಗೆ ಕ್ಯೂಆರ್ ಅಂಟಿಸೋ ಯೋಚನೆ ಇದ್ದರೆ ಅದು ನಿಮ್ಮ ಡೊಮೈನಿನ ವಿಳಾಸಕ್ಕೇ ಹೋಗಲಿ, ಅಲ್ಲಿಂದ ಆರ್ಕೈವ್‌ಗೆ ತಿರುಗಿಸಿ. ಮುಂದೆ ಫೈಲು ಬೇರೆ ಕಡೆ ಹೋದರೂ ಚೀಟಿ ಮತ್ತೆ ಅಚ್ಚು ಹಾಕಿಸಬೇಕಾಗಲ್ಲ.